ಬೆರಳು ಚುಚ್ಚಿ ವಿಟಮಿನ್ ಡಿ ನೋಡುವ ಟೆಸ್ಟ್: ಕೊಡಗಿನ ಕ್ಲಿನಿಕ್‌ನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಸಣ್ಣ ಕ್ಲಿನಿಕ್‌ಗಳಿಗೆ ಹೋಗಿ ಬೆರಳು ಚುಚ್ಚಿ ಮಾಡುವ ಟೆಸ್ಟ್‌ಗಳನ್ನು ಹೇಳಿಕೊಡುತ್ತೇನೆ. ಸಕ್ಕರೆ, ಹಿಮೋಗ್ಲೋಬಿನ್ ಎಲ್ಲರಿಗೂ ರೂಢಿಯಾಗಿದೆ. ವಿಟಮಿನ್ ಡಿ ಕಿಟ್ ಕೊಟ್ಟು ಬಂದರೆ ಮಾತ್ರ ಮರುದಿನವೇ ಫೋನ್ ಶುರು. ಡಾಕ್ಟರು, ನರ್ಸ್, ಫಿಸಿಯೋಥೆರಪಿಯವರು ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಔಷಧಿ, ಡೋಸ್ ವಿಷಯ ಬಂದಲ್ಲಿ ಕೊನೆಯ ಮಾತು ಡಾಕ್ಟರದ್ದೇ.

ಈ ಟೆಸ್ಟ್ ಅಳೆಯುವುದು ಏನನ್ನು?

25 ಹೈಡ್ರಾಕ್ಸಿ ವಿಟಮಿನ್ ಡಿ ಎನ್ನುವುದನ್ನು. ಚರ್ಮದಲ್ಲಿ ತಯಾರಾದ ಡಿ ಆಗಲಿ, ಮೀನು, ಮಾತ್ರೆಗಳಿಂದ ಬಂದ ಡಿ ಆಗಲಿ, ಲಿವರಿಗೆ ಹೋಗಿ ಈ ರೂಪಕ್ಕೆ ಬರುತ್ತದೆ. ಇದು ರಕ್ತದಲ್ಲಿ ಎರಡು ಮೂರು ವಾರದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ದೇಹದಲ್ಲಿ ದಾಸ್ತಾನು ಎಷ್ಟಿದೆ ಎಂದು ತಿಳಿಯಲು ಇದೇ ಸರಿ.

ಕಿಡ್ನಿಯಲ್ಲಿ ಇದು ಇನ್ನೊಂದು ಸುತ್ತು ಬದಲಾಗಿ 1,25 ಡೈಹೈಡ್ರಾಕ್ಸಿ ಆಗುತ್ತದೆ. ಕೆಲಸ ಮಾಡುವ ರೂಪ ಅದು. ಆದರೆ ಕೊರತೆ ನೋಡಲು ಅದನ್ನು ಬರೆಯಬೇಡಿ. ಅದು ಕೆಲವೇ ಗಂಟೆ ಉಳಿಯುತ್ತದೆ. ಕೊರತೆ ಇದ್ದವರಲ್ಲೂ ಪ್ಯಾರಾಥೈರಾಯ್ಡ್ ಹಾರ್ಮೋನ್ ಒತ್ತಿ ಒತ್ತಿ ಮಾಡಿಸುವುದರಿಂದ ನಾರ್ಮಲ್ ಅಥವಾ ಜಾಸ್ತಿಯೇ ಬರಬಹುದು. ಲ್ಯಾಬ್ ಚೀಟಿಯಲ್ಲಿ ಎರಡು ಹೆಸರೂ ಹತ್ತಿರ ಹತ್ತಿರ ಇರುತ್ತವೆ, ತಪ್ಪು ಕಡೆ ಟಿಕ್ ಬೀಳುವುದು ಸುಲಭ.

ಒಂದು ಹನಿಯಲ್ಲಿ ಇದೆಲ್ಲ ಹೇಗೆ ಗೊತ್ತಾಗುತ್ತದೆ?

ಪ್ರೆಗ್ನೆನ್ಸಿ ಕಾರ್ಡ್ ನೋಡಿದ್ದೀರಲ್ಲ, ಅದೇ ಜಾತಿಯ ಸ್ಟ್ರಿಪ್. ಆದರೆ ಲೆಕ್ಕ ತಿರುವುಮುರುವು. ಇದೊಂದನ್ನು ಚೆನ್ನಾಗಿ ತಲೆಗೆ ಹಾಕಿಕೊಳ್ಳಿ.

ವಿಟಮಿನ್ ಡಿ ಬಹಳ ಸಣ್ಣ ಅಣು. ಅದನ್ನು ಎರಡೂ ಕಡೆಯಿಂದ ಹಿಡಿಯಲು ಜಾಗ ಇಲ್ಲ. ಅದಕ್ಕೆ ಪೈಪೋಟಿಯ ವಿಧಾನ ಬಳಸುತ್ತಾರೆ. ಕುಶಾಲನಗರದಿಂದ ಮಡಿಕೇರಿಗೆ ಹೊರಟ ಬಸ್ಸನ್ನು ನೆನೆಸಿಕೊಳ್ಳಿ. ಬಸ್ಸು ಎಂದರೆ ಚಿನ್ನದ ಕಣ ಅಂಟಿಸಿದ ಆ್ಯಂಟಿಬಾಡಿ. ಕುಶಾಲನಗರದಲ್ಲಿ ಹತ್ತುವವರು ರೋಗಿಯ ರಕ್ತದ ವಿಟಮಿನ್ ಡಿ. ಸುಂಟಿಕೊಪ್ಪದಲ್ಲಿ ಕಾಯುತ್ತಿರುವವರು ಸ್ಟ್ರಿಪ್‌ನ ಟೆಸ್ಟ್ ಗೆರೆಯಲ್ಲಿ ಕಂಪನಿ ಅಂಟಿಸಿಟ್ಟ ವಿಟಮಿನ್ ಡಿ. ಕುಶಾಲನಗರದಲ್ಲೇ ಸೀಟು ತುಂಬಿದರೆ ಬಸ್ಸು ಸುಂಟಿಕೊಪ್ಪದಲ್ಲಿ ನಿಲ್ಲುವುದಿಲ್ಲ. ಖಾಲಿ ಬಂದರೆ ನಿಲ್ಲುತ್ತದೆ. ಬಸ್ಸು ನಿಂತಷ್ಟೂ ಗೆರೆ ಕಡುಕೆಂಪು. ಅಂದರೆ ಗೆರೆ ಗಾಢವಾಗಿದ್ದರೆ ರೋಗಿಯಲ್ಲಿ ಡಿ ಕಡಿಮೆ. ಗೆರೆ ಮಸುಕಾಗಿದ್ದರೆ ಜಾಸ್ತಿ.

ನಾನೇ ಇದರಲ್ಲಿ ಬಿದ್ದವನು. ಮೊದಲ ವರ್ಷ ಒಂದು ತೋಟದ ಕ್ಯಾಂಪ್‌ನಲ್ಲಿ, ಮೊಣಕಾಲು ಹಿಡಿದುಕೊಂಡು ಬಂದ ಒಬ್ಬ ಹೆಂಗಸಿಗೆ ಗೆರೆ ದಪ್ಪಗೆ ಬಂತು. "ಅಕ್ಕಾ, ನಿಮಗೆ ಡಿ ಚೆನ್ನಾಗಿದೆ" ಎಂದು ಕಳಿಸಿಬಿಟ್ಟೆ. ಸಂಜೆ ಡಬ್ಬಿ ಜೋಡಿಸುವಾಗ ಕಲರ್ ಕಾರ್ಡ್ ಕೈಗೆ ಬಂತು. ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿ, ಆಕೆ ಇದ್ದ ಕೂಲಿಗಳ ಲೈನ್ ಮನೆಗೆ ಹೋಗಿ ಹೇಳಿ ಬಂದೆ. ಆಕೆ ನಕ್ಕು ಕಾಫಿ ಕೊಟ್ಟರು, ಅದು ಬೇರೆ ವಿಷಯ. ಈಗ ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ "ಗಾಢ ಅಂದ್ರೆ ಕಡಿಮೆ" ಎಂದು ಬರೆಯುತ್ತೇನೆ. ನೀವೂ ಬರೆಯಿರಿ.

ಇನ್ನೊಂದು ವಿಷಯ. ರಕ್ತದಲ್ಲಿ ವಿಟಮಿನ್ ಡಿ ಒಂಟಿಯಾಗಿ ತಿರುಗುವುದಿಲ್ಲ. ಬಹುತೇಕ ಎಲ್ಲವೂ ಒಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬಫರ್ ಬಾಟಲಿಯ ಕೆಲಸ ಅದನ್ನು ಬಿಡಿಸುವುದು. "ಹನಿ ಹಾಕಿದ ಮೇಲೆ ಇಷ್ಟು ನಿಮಿಷ ಕಾಯಿರಿ" ಎಂದು ಬರೆದಿದ್ದರೆ ಸುಮ್ನೆ ಬರೆದಿದ್ದಲ್ಲ. ಬಿಡಿಸಿಕೊಳ್ಳುವ ಮೊದಲೇ ಕ್ಯಾಸೆಟ್‌ಗೆ (ಸ್ಟ್ರಿಪ್ ಕೂರಿಸಿದ ಪ್ಲಾಸ್ಟಿಕ್ ಕವಚ) ಸುರಿದರೆ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಕಣ್ಣಲ್ಲೇ ನೋಡುವ ಕಿಟ್ ಸಾಕಾ, ಮಿಷನ್ ಬೇಕಾ?

ಕಣ್ಣಲ್ಲಿ ನೋಡುವುದು ಮೂರು ನಾಲ್ಕು ಗುಂಪಿಗೆ ಹಾಕುತ್ತದೆ: ಕೊರತೆ, ಸ್ವಲ್ಪ ಕಡಿಮೆ, ಸಾಕಷ್ಟು, ಹೀಗೆ. ರೀಡರ್ ಇರುವುದು ಅಂಕಿ ಕೊಡುತ್ತದೆ. ನನ್ನ ಅನುಭವದಲ್ಲಿ ಟ್ಯೂಬ್‌ಲೈಟ್ ಕೆಳಗೆ ಒಬ್ಬರು "ಮಸುಕು" ಅಂದ ಗೆರೆಯನ್ನು ಕಿಟಕಿ ಹತ್ತಿರ ಇನ್ನೊಬ್ಬರು "ಪರವಾಗಿಲ್ಲ, ಗಾಢ" ಅನ್ನುತ್ತಾರೆ. ವಾರಕ್ಕೆ ನಾಲ್ಕಾರು ಟೆಸ್ಟ್ ಮಾಡುವವರಾದರೂ ರೀಡರ್ ತೆಗೆದುಕೊಳ್ಳಿ. ಬ್ಯಾಟರಿ ಇರುವುದನ್ನೇ ನೋಡಿ. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಬರುವುದು ಯಾವಾಗ ಎಂದು ನಿಮಗೆ ಹೇಳಬೇಕಾ?

ಎರಡಕ್ಕೂ ಒಂದೇ ನಿಯಮ. ಸ್ಟ್ರಿಪ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ಬರದಿದ್ದರೆ ಆ ಟೆಸ್ಟ್ ಲೆಕ್ಕಕ್ಕಿಲ್ಲ. ಹೇಳಿದ ಸಮಯ ದಾಟಿದ ಮೇಲೆ ಓದಿದ್ದೂ ಲೆಕ್ಕಕ್ಕಿಲ್ಲ. ಊಟ ಮುಗಿಸಿ ಬಂದು ನೋಡುವ ಕ್ಯಾಸೆಟ್ ಕಸ ಅಷ್ಟೇ.

ನಮ್ಮ ಊರಲ್ಲಿ ಬಿಸಿಲಿಗೇನು ಬರ? ಕೊರತೆ ಎಲ್ಲಿಂದ ಬರುತ್ತದೆ?

ಎಲ್ಲರೂ ಕೇಳುತ್ತಾರೆ. ಕೊಡಗು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಆಚೀಚೆ. ಯೂರೋಪಿನ ಉತ್ತರದವರ ಹಾಗೆ ಚಳಿಗಾಲದಲ್ಲಿ ಸೂರ್ಯ ಅಡ್ಡ ಬೀಳುವ ಸಮಸ್ಯೆ ನಮಗಿಲ್ಲ. ಮಡಿಕೇರಿ ಎತ್ತರದಲ್ಲಿ ಬೇರೆ ಇದೆ, ಎತ್ತರ ಹೆಚ್ಚಿದಷ್ಟೂ ಯುವಿಬಿ, ಅಂದರೆ ಚರ್ಮದಲ್ಲಿ ಡಿ ತಯಾರಿಸುವ ಬಿಸಿಲಿನ ಕಿರಣ, ಜಾಸ್ತಿ.

ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಭಾಗಮಂಡಲದ ಕಡೆ ಇದ್ದು ನೋಡಿ. ಕಕ್ಕಡ ತಿಂಗಳಲ್ಲಿ ಬಟ್ಟೆಯನ್ನೇ ಒಲೆಯ ಮೇಲೆ ಒಣಗಿಸಬೇಕು. ದಟ್ಟ ಮೋಡ ಯುವಿಬಿಯನ್ನು ಬಹಳಷ್ಟು ತಡೆಯುತ್ತದೆ. ಬೆಳಕಿದ್ದರೂ ಪ್ರಯೋಜನ ಕಡಿಮೆ. ಇನ್ನು ತೋಟ. ನಮ್ಮ ಕಾಫಿ ನೆರಳಿನಲ್ಲೇ ಬೆಳೆಯುವುದು. ಬೆಳಗ್ಗೆಯಿಂದ ಸಂಜೆವರೆಗೆ ಹೊರಗೆ ದುಡಿಯುವ ಹೆಂಗಸು ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ಕೆಳಗೆ, ಸೀರೆ ಮೇಲೆ ಗಂಡಸರ ಫುಲ್ ತೋಳಿನ ಅಂಗಿ ಹಾಕಿ, ತಲೆಗೆ ಬಟ್ಟೆ ಕಟ್ಟಿ ನಿಂತಿರುತ್ತಾರೆ. ಬಿಸಿಲು ಬೀಳುವುದು ಮುಖ ಮತ್ತು ಮುಂಗೈಗೆ ಮಾತ್ರ. "ತೋಟದ ಕೆಲಸ, ಡಿ ಸರಿ ಇರುತ್ತೆ ಬಿಡಿ" ಎಂದು ಊಹಿಸಿ ಬಿಟ್ಟುಬಿಡಬೇಡಿ.

ಕಿಟಕಿಯ ಗಾಜಿನೊಳಗಿಂದ ಬರುವ ಬಿಸಿಲಲ್ಲಿ ಯುವಿಬಿ ಇಲ್ಲವೆನ್ನುವಷ್ಟು ಕಡಿಮೆ. ಹೋಂಸ್ಟೇ ಸೋಫಾದಲ್ಲಿ ಬಿಸಿಲು ಕಾಯಿಸುವ ಅಜ್ಜಂದಿರಿಗೆ ಬೆಚ್ಚಗಾಗುತ್ತದೆ, ಡಿ ಸಿಗುವುದಿಲ್ಲ. ಚರ್ಮದ ಬಣ್ಣ ಕಪ್ಪಿದ್ದಷ್ಟೂ ಅಷ್ಟೇ ಡಿ ತಯಾರಾಗಲು ಹೆಚ್ಚು ಹೊತ್ತು ಬೇಕು. ವಯಸ್ಸಾದಂತೆ ಚರ್ಮದ ತಾಕತ್ತೂ ಇಳಿಯುತ್ತದೆ.

ಜಿಲ್ಲೆಯೊಳಗೂ ಒಂದೇ ಥರ ಇಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆ, ಪಶ್ಚಿಮದ ಕಡೆ ಹೊಡೆತ ಜಾಸ್ತಿ. ಮೇ ತಿಂಗಳಲ್ಲಿ ತೆಗೆದ ರಿಪೋರ್ಟನ್ನು ಅಕ್ಟೋಬರ್‌ದಕ್ಕೆ ಹೋಲಿಸುವಾಗ ನಡುವೆ ಒಂದು ಮಳೆಗಾಲ ಕಳೆದಿದೆ ಎನ್ನುವುದು ನೆನಪಿರಲಿ. ತಿಂಗಳ ಹೆಸರನ್ನು ರಿಪೋರ್ಟಿನಲ್ಲಿ ದೊಡ್ಡದಾಗಿ ಬರೆಯುವ ಅಭ್ಯಾಸ ನನಗೆ ಬಂದದ್ದು ಇದಕ್ಕೇ.

ಹಾಗಾದರೆ ಎಲ್ಲರಿಗೂ ಚುಚ್ಚಿ ನೋಡಿಬಿಡಬಹುದಲ್ಲ?

ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಸುಲಭವಾಗಿ ಸಿಗುತ್ತದೆ ಎಂದು ಟೆಸ್ಟ್ ಮಾಡಿದರೆ, ಅಂಕಿ ಸ್ವಲ್ಪ ಕಡಿಮೆ ಬಂದ ಪ್ರತಿಯೊಬ್ಬರೂ ರೋಗಿಯಾಗುತ್ತಾರೆ. 2024ರಲ್ಲಿ ಅಮೆರಿಕದ ಎಂಡೋಕ್ರೈನ್ ಸೊಸೈಟಿ (ಹಾರ್ಮೋನ್ ತಜ್ಞರ ಸಂಘ) ಹೊರಡಿಸಿದ ಮಾರ್ಗಸೂಚಿ ಆರೋಗ್ಯವಂತರಿಗೆ ವಾಡಿಕೆಯಂತೆ ಈ ಟೆಸ್ಟ್ ಮಾಡುವುದು ಬೇಡ ಎಂದೇ ಹೇಳಿದೆ. ಅದಕ್ಕೂ ಮುಂಚೆ ವೈಟಲ್ ಎಂಬ ದೊಡ್ಡ ಅಧ್ಯಯನ ನಡೆದಿತ್ತು. 25,871 ಜನ ಇದ್ದರು. ಅರ್ಧದಷ್ಟು ಜನಕ್ಕೆ ದಿನಕ್ಕೆ 2,000 ಐಯು (ವಿಟಮಿನ್ ಅಳೆಯುವ ಯೂನಿಟ್) ಡಿ ಕೊಟ್ಟು ವರ್ಷಗಟ್ಟಲೆ ನೋಡಿದರು. ಕೊರತೆ ಇದೆ ಎಂದು ಆರಿಸಿದವರಲ್ಲ, ಸಾಮಾನ್ಯ ಜನ. ಅವರಲ್ಲಿ ಹಾರ್ಟ್ ಅಟ್ಯಾಕ್, ಕ್ಯಾನ್ಸರ್ ಬರುವುದು, ಮೂಳೆ ಮುರಿಯುವುದು ಯಾವುದೂ ಕಡಿಮೆಯಾಗಲಿಲ್ಲ.

ಚುಚ್ಚಬೇಕಾದವರು ಬೇರೆ. ಸೊಂಟ, ತೊಡೆ, ಪಕ್ಕೆಲುಬಿನಲ್ಲಿ ಆಳದ ನೋವು ಎನ್ನುವವರು. ಕುಕ್ಕರುಗಾಲಲ್ಲಿ ಕೂತರೆ ಕೈ ಊರದೆ ಏಳಲಾಗದವರು. ಮೆಟ್ಟಿಲು ಹತ್ತುವಾಗ ತೊಡೆ ಸೋಲುವವರು. ಬಾತುಕೋಳಿ ನಡಿಗೆ. ಸಣ್ಣ ಏಟಿಗೆ ಮೂಳೆ ಮುರಿದ ವಯಸ್ಸಾದವರು. ಕಾಲು ಬಾಗಿದ, ಮಣಿಕಟ್ಟು ದಪ್ಪಗಾದ ಮಕ್ಕಳು. ಫಿಟ್ಸ್‌ಗೆ ಫೆನಿಟಾಯಿನ್, ಫಿನೋಬಾರ್ಬಿಟಾಲ್, ಕಾರ್ಬಮಜೆಪಿನ್ ನುಂಗುವವರು. ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುವವರು. ಬಹಳ ದಿನದಿಂದ ಸ್ಟೀರಾಯ್ಡ್ ಮೇಲಿರುವವರು. ಕಿಡ್ನಿ, ಲಿವರ್ ತೊಂದರೆಯವರು, ಕರುಳಿನಲ್ಲಿ ಕೊಬ್ಬು ಹೀರದವರು, ಹೊಟ್ಟೆಯ ಆಪರೇಷನ್ ಆದವರು.

ನನಗೆ ನೆನಪಿರುವ ಒಬ್ಬರು ಇದ್ದಾರೆ. ಪೊನ್ನಂಪೇಟೆ ಹತ್ತಿರ ಒಂದು ಕ್ಲಿನಿಕ್. ಬೆಂಚಿನಿಂದ ಏಳಲು ಆಕೆ ಎರಡೂ ಅಂಗೈಯನ್ನು ತೊಡೆಯ ಮೇಲೆ ಒತ್ತಿ, ತನ್ನನ್ನು ತಾನೇ ಏಣಿ ಹತ್ತುವ ಹಾಗೆ ಮೇಲೆತ್ತಿಕೊಂಡರು. ನೋಡಿದ ಡಾಕ್ಟರು ಪೆನ್ನು ಕೆಳಗಿಟ್ಟು "ಇವರಿಗೆ ಮಾಡಿ" ಅಂದರು. ಉಳಿದ ಹದಿನಾಲ್ಕು ಜನ "ಸುಸ್ತು" ಎಂದು ಬಂದಿದ್ದರು. ಅವರಿಗೆ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಎಂದು ಮೊದಲು ಹೇಳಿದರು. ಕಿಟ್ ಮಾರುವವರಿಗೆ ಬೇಜಾರಾಗಬಹುದು. ಟೆಸ್ಟ್‌ಗೆ ಮುಂಚೆ ರೋಗಿಯನ್ನು ನೋಡುವುದು ಎಂದರೆ ಇದೇ.

ಮಕ್ಕಳು, ಗರ್ಭಿಣಿಯರು?

ಎದೆಹಾಲು ಕುಡಿಯುವ ಕೂಸಿಗೆ ಮೊದಲ ವರ್ಷ ದಿನಕ್ಕೆ 400 ಐಯು ಹನಿ ಕೊಡುವುದು ಸಾಮಾನ್ಯ ಸಲಹೆ. ಅದಕ್ಕೆ ಟೆಸ್ಟ್ ಬೇಕಿಲ್ಲ. 2024ರ ಅದೇ ಮಾರ್ಗಸೂಚಿ ಗರ್ಭಿಣಿಯರಿಗೆ, 18ರೊಳಗಿನ ಮಕ್ಕಳಿಗೆ, 75 ದಾಟಿದವರಿಗೆ ರಕ್ತ ನೋಡದೆಯೇ ಪೂರಕ ಕೊಡಬಹುದು ಎನ್ನುತ್ತದೆ. ರಿಕೆಟ್ಸ್ (ಮೂಳೆ ಮೆತ್ತಗಾಗಿ ಬಾಗುವ ಕಾಯಿಲೆ) ಅನುಮಾನ ಬಂದ ಮಗುವಿಗೆ ಬೆರಳು ಚುಚ್ಚಿ ನಿಲ್ಲಿಸಬೇಡಿ. ಎಕ್ಸ್‌ರೇ, ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್ ಬೇಕಾಗುತ್ತದೆ, ಮಕ್ಕಳ ಡಾಕ್ಟರ ಹತ್ತಿರ ಕಳಿಸಿ. ಒಂದು ವರ್ಷದೊಳಗಿನ ಕೂಸಿಗೆ ಬೆರಳು ಬೇಡ, ಹಿಮ್ಮಡಿಯ ಪಕ್ಕ.

ಖಾಲಿ ಹೊಟ್ಟೆ ಬೇಕಾ?

ಬೇಡ. ಯಾವ ಹೊತ್ತಿಗೂ ಮಾಡಬಹುದು.

ಬೆರಳು ಚುಚ್ಚುವುದು ಗೊತ್ತಿದೆ. ಆದರೂ ಕ್ಯಾಸೆಟ್ ಹಾಳಾಗುತ್ತಿದೆಯಲ್ಲ?

ಹೆಚ್ಚಿನ ತಪ್ಪು ಇಲ್ಲೇ. ಸಕ್ಕರೆಗೆ ಸಾಸಿವೆಯಷ್ಟು ಹನಿ ಸಾಕು. ಇದಕ್ಕೆ ಕಿಟ್ ನೋಡಿಕೊಂಡು 10, 20 ಮೈಕ್ರೋಲೀಟರ್, ಕೆಲವಕ್ಕೆ ಇನ್ನೂ ಜಾಸ್ತಿ ಬೇಕು, ಅದೂ ಅಳತೆಯಾಗಿ. ಕ್ಯಾಪಿಲ್ಲರಿ ಕೊಳವೆಯ ಗೆರೆ ಮುಟ್ಟಬೇಕು. ಅರ್ಧ ತುಂಬಿದ್ದಕ್ಕೆ ಬಫರ್ ಹಾಕಿದರೆ ಲೆಕ್ಕವೇ ತಪ್ಪು.

ಮಡಿಕೇರಿಯ ಚಳಿಯಲ್ಲಿ ರೋಗಿಯ ಬೆರಳು ಐಸ್ ಆಗಿರುತ್ತದೆ. ಹಾಗೇ ಚುಚ್ಚಿದರೆ ರಕ್ತ ಬರುವುದಿಲ್ಲ, ಆಮೇಲೆ ನಾವು ಹಿಂಡುತ್ತೇವೆ. ಹಿಂಡಿದರೆ ರಕ್ತದ ಜೊತೆ ಒಳಗಿನ ನೀರಿನಂಥ ದ್ರವ ಸೇರಿ ಹನಿ ತೆಳುವಾಗುತ್ತದೆ. ಅದಕ್ಕೆ ನಾನು ಮಾಡುವುದು ಹೀಗೆ. ಬಂದವರ ಕೈಗೆ ಮೊದಲು ಬಿಸಿನೀರಿನ ಮಗ್ ಕೊಡುತ್ತೇನೆ. ಹೆಸರು ಬರೆದು, ಕಿಟ್ ಬಿಚ್ಚಿ, ಟೈಮರ್ ಇಡುವಷ್ಟರಲ್ಲಿ ಬೆರಳು ಕೆಂಪಗಾಗಿರುತ್ತದೆ. ಕೈ ಸೋಪಿನಲ್ಲಿ ತೊಳೆಸಿ. ತೋಟದವರ ಕೈಗೆ ಕಾಫಿ ಹಣ್ಣಿನ ಅಂಟು ಹಿಡಿದಿರುತ್ತದೆ, ಸ್ಪಿರಿಟ್ ಹತ್ತಿಯಲ್ಲಿ ಹೋಗುವುದಿಲ್ಲ.

ಕೈಯನ್ನು ಎದೆಯ ಮಟ್ಟಕ್ಕಿಂತ ಕೆಳಗೆ ಇಳಿಬಿಡಿಸಿ. ಉಂಗುರ ಬೆರಳು ಅಥವಾ ನಡುಬೆರಳು. ನಟ್ಟನಡುವೆ ಅಲ್ಲ, ತುದಿಯಲ್ಲೂ ಅಲ್ಲ, ಪಕ್ಕಕ್ಕೆ ಸರಿದು ಮೆತ್ತಗಿರುವ ಜಾಗ. ಸ್ಪಿರಿಟ್ ಪೂರ್ತಿ ಆರಲಿ. ಒದ್ದೆ ಇರುವಾಗಲೇ ಚುಚ್ಚಿದರೆ ಉರಿಯುತ್ತದೆ, ಹನಿ ದುಂಡಗೆ ನಿಲ್ಲದೆ ಚರ್ಮದ ಗೆರೆಗಳಲ್ಲಿ ಹರಿದುಹೋಗುತ್ತದೆ. ಮೊದಲ ಹನಿ ಒಣ ಗಾಜ್‌ನಲ್ಲಿ ಒರೆಸಿ. ಎರಡನೇ ಹನಿ ತಾನಾಗಿ ದಪ್ಪಗಾಗಲು ಬಿಡಿ. ಬೇಕಾದರೆ ಅಂಗೈಯಿಂದ ಬೆರಳಿನ ಕಡೆಗೆ ಮೆಲ್ಲಗೆ ನೀವಿ. ಕೊಳವೆಯನ್ನು ಅಡ್ಡಲಾಗಿ ಹಿಡಿದು ಹನಿಗೆ ಮುಟ್ಟಿಸಿದರೆ ತಾನೇ ಎಳೆದುಕೊಳ್ಳುತ್ತದೆ. ಗಾಳಿಗುಳ್ಳೆ ನುಗ್ಗಿದರೆ ಹೊಸ ಕೊಳವೆ.

ಇಪ್ಪತ್ತು ಮೂವತ್ತು ಕೊಯ್ಲು ಕಂಡ ಬೆರಳಿನ ತುದಿ ಚಕ್ಕೆಯಂತೆ ಗಟ್ಟಿ. ಸಕ್ಕರೆ ಟೆಸ್ಟ್‌ನ ತೆಳ್ಳನೆ ಲ್ಯಾನ್ಸೆಟ್ ಅಲ್ಲಿ ನಾಟುವುದಿಲ್ಲ. ಇನ್ನೂ ಆಳಕ್ಕೆ ಹೋಗುವ, ಒಂದೇ ಸಲ ಬಳಸುವ ಲ್ಯಾನ್ಸೆಟ್ ಬೇರೆ ತರಿಸಿಡಿ. ಕಡಿಮೆ ಕೆಲಸ ಮಾಡುವ ಕೈಯನ್ನು ಕೇಳಿ ಆರಿಸಿ.

ಪೆನ್ ಥರದ ಚುಚ್ಚುವ ಸಾಧನವನ್ನು ಒಬ್ಬರಿಂದ ಒಬ್ಬರಿಗೆ ಬಳಸುವಂತಿಲ್ಲ, ಸೂಜಿ ಬದಲಿಸಿದರೂ ಬಳಸುವಂತಿಲ್ಲ. ಹೆಪಟೈಟಿಸ್ ಬಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಪ್ರತಿಯೊಬ್ಬರಿಗೂ ಹೊಸ ಗ್ಲೌಸ್. ಚುಚ್ಚುವವರು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಬೇಕು. ಮತ್ತೆ, ಒಪ್ಪಿಗೆ ಕೇಳಿ. ಮಳೆಗಾಲ ಪೂರ್ತಿ ಇಂಬಳಕ್ಕೆ ಪುಕ್ಕಟೆ ರಕ್ತ ಕೊಟ್ಟವರೂ ಲ್ಯಾನ್ಸೆಟ್ ಕಂಡರೆ ಕೈ ಹಿಂದಕ್ಕೆಳೆಯುತ್ತಾರೆ. ಇಂಬಳ ಕೇಳುವುದಿಲ್ಲ, ನಾವು ಕೇಳಬೇಕು.

ಮಳೆಗಾಲದಲ್ಲಿ ಕಿಟ್ ಎಲ್ಲಿಡುವುದು?

ಹೆಚ್ಚಿನ ಕಿಟ್‌ಗಳ ಮೇಲೆ 2ರಿಂದ 30 ಡಿಗ್ರಿ ಎಂದಿರುತ್ತದೆ. ಮಡಿಕೇರಿಯಲ್ಲಿ ಬಿಸಿ ತೊಂದರೆಯಲ್ಲ, ತೇವ ತೊಂದರೆ. ಸ್ಟ್ರಿಪ್‌ನೊಳಗಿನ ನೈಟ್ರೋಸೆಲ್ಯುಲೋಸ್ ಹಾಳೆ ತೇವ ಹೀರಿದರೆ ದ್ರವ ಹರಿಯುವ ವೇಗವೇ ಬದಲಾಗುತ್ತದೆ. ಒಂದು ಆಗಸ್ಟ್‌ನಲ್ಲಿ ಒಂದು ಕ್ಲಿನಿಕ್‌ನಲ್ಲಿ ಬೆಳಗ್ಗೆಯೇ ಹತ್ತು ಪೌಚ್ ಬಿಚ್ಚಿ ಸಾಲಾಗಿ ಜೋಡಿಸಿಟ್ಟಿದ್ದರು, ಕೆಲಸ ಬೇಗ ಆಗಲಿ ಎಂದು. ಮಧ್ಯಾಹ್ನದ ಹೊತ್ತಿಗೆ ನಾಲ್ಕರಲ್ಲಿ ಕಂಟ್ರೋಲ್ ಗೆರೆಯೇ ಬರಲಿಲ್ಲ. ಪೌಚ್ ಬಿಚ್ಚುವುದು ರೋಗಿ ಎದುರು ಕೂತ ಮೇಲೆ.

ಒಳಗಿನ ಸಿಲಿಕಾ ಪೊಟ್ಟಣ ಬಣ್ಣ ಬದಲಿಸುವ ಥರದ್ದಾಗಿದ್ದು, ಬಣ್ಣ ಬದಲಾಗಿದ್ದರೆ ಆ ಕ್ಯಾಸೆಟ್ ಬಿಸಾಕಿ. ಡಬ್ಬಿಯನ್ನು ಗಾಳಿಯಾಡದ ಮುಚ್ಚಳದ ಪಾತ್ರೆಯಲ್ಲಿಡಿ. ಫ್ರಿಜ್‌ನಲ್ಲಿಟ್ಟಿದ್ದರೆ ಪೌಚ್ ಬಿಚ್ಚದೆ ಹೊರಗಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿ. ಇಲ್ಲದಿದ್ದರೆ ಸ್ಟ್ರಿಪ್ ಮೇಲೆ ಬೆವರು ಕೂರುತ್ತದೆ. ಜನವರಿ ಮುಂಜಾನೆ ಕೋಣೆ ತೀರಾ ತಣ್ಣಗಿದ್ದರೂ ಸ್ಟ್ರಿಪ್ ನಿಧಾನ. ಟೆಸ್ಟ್ ಮಾಡುವ ಬಿಸಿ ಎಷ್ಟಿರಬೇಕು ಎಂದು ಕಾಗದದಲ್ಲಿ ಬೇರೆಯೇ ಬರೆದಿರುತ್ತಾರೆ, ನೋಡಿ. ಮತ್ತೆ, ಕಾರಿನ ಡಿಕ್ಕಿಯಲ್ಲಿ ಬಿಟ್ಟು ಮಾರ್ಚ್ ಬಿಸಿಲಲ್ಲಿ ಗೋಣಿಕೊಪ್ಪ ಸಂತೆಗೆ ಹೋಗಬೇಡಿ.

ನಮ್ಮ ಅಂಕಿಗೂ ಮೈಸೂರಿನ ಲ್ಯಾಬ್ ಅಂಕಿಗೂ ಹೊಂದುತ್ತಿಲ್ಲ. ಯಾವುದು ಸುಳ್ಳು?

ಮೊದಲು ಯೂನಿಟ್ ನೋಡಿ. ಒಂದರಲ್ಲಿ 18, ಇನ್ನೊಂದರಲ್ಲಿ 45 ಎಂದು ಒಬ್ಬರು ಗಾಬರಿಯಿಂದ ಫೋನ್ ಮಾಡಿದ್ದರು. ಎರಡೂ ಒಂದೇ! ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಲೀಟರಿಗೆ ನ್ಯಾನೋಮೋಲ್ ಬರುತ್ತದೆ. 18 ಗುಣಿಸು 2.5 ಅಂದರೆ 45.

ಯೂನಿಟ್ ಒಂದೇ ಆಗಿದ್ದರೂ ಅಂಕಿ ಪೂರ್ತಿ ಹೊಂದುವುದಿಲ್ಲ. ಲ್ಯಾಬ್‌ನಿಂದ ಲ್ಯಾಬ್‌ಗೇ ವ್ಯತ್ಯಾಸ ಬರುವ ಟೆಸ್ಟ್ ಇದು. ಎಷ್ಟರಮಟ್ಟಿಗೆ ಎಂದರೆ, ಬರೀ ಇದರ ಗುಣಮಟ್ಟ ನೋಡಲು ಡೀಕ್ವಾಸ್ ಎಂಬ ಯೋಜನೆ 1989ರಿಂದ ನಡೆಯುತ್ತಿದೆ. ಅಲ್ಲಿಂದ ಒಂದೇ ಮಾದರಿಯನ್ನು ಬೇರೆ ಬೇರೆ ಲ್ಯಾಬ್‌ಗಳಿಗೆ ಕಳಿಸಿ ಉತ್ತರ ಹೋಲಿಸುತ್ತಾರೆ. ಅಳತೆಗೋಲು ಎಂದು ಒಪ್ಪಿಕೊಂಡಿರುವುದು ಎಲ್‌ಸಿ-ಎಂಎಸ್ ಎನ್ನುವ ದುಬಾರಿ ಮಿಷನ್. ಸಾಮಾನ್ಯ ಲ್ಯಾಬ್‌ಗಳಲ್ಲಿ ಇರುವುದೂ ಆ್ಯಂಟಿಬಾಡಿ ವಿಧಾನವೇ. ನಿಮ್ಮ ಕಿಟ್ 15 ಪರ್ಸೆಂಟ್ ಆಚೀಚೆ ಎಂದು ಹಿಡಿಯಿರಿ. ಆಗ 20 ಎಂದು ಬಂದರೆ ನಿಜ 17 ಇರಬಹುದು, 23 ಇರಬಹುದು. 19 ಬಂದವರಿಗೆ ರೋಗ, 21 ಬಂದವರಿಗೆ ಆರೋಗ್ಯ ಎಂದು ಬರೆಯುವುದು ತಮಾಷೆ ಅಲ್ವಾ?

ನಮ್ಮ ಕಡೆ ಮುಖ್ಯವಾದ ಇನ್ನೊಂದು ಕಾರಣ ರಕ್ತಹೀನತೆ. 25 ಹೈಡ್ರಾಕ್ಸಿ ಡಿ ಇರುವುದು ಪ್ಲಾಸ್ಮಾದಲ್ಲಿ, ಕೆಂಪು ಕಣದಲ್ಲಿ ಅಲ್ಲ. ಕೆಲವು ಕಿಟ್‌ಗಳು ಪೂರ್ತಿ ರಕ್ತ ಹಾಕಿಸಿಕೊಂಡು, ಎಲ್ಲರಲ್ಲೂ ಕೆಂಪು ಕಣ ಇಷ್ಟೇ ಪಾಲು ಇರುತ್ತದೆ ಎಂದು ಅಂದಾಜು ಹಾಕುತ್ತವೆ. ಹಿಮೋಗ್ಲೋಬಿನ್ ಏಳೆಂಟು ಇರುವವರ ಅದೇ ಹನಿಯಲ್ಲಿ ಪ್ಲಾಸ್ಮಾ ಜಾಸ್ತಿ. ಹಾಗಾಗಿ ಡಿ ಇರುವುದಕ್ಕಿಂತ ಜಾಸ್ತಿ ಕಾಣಬಹುದು. ಎಷ್ಟು ಹೆಮಟೋಕ್ರಿಟ್‌ವರೆಗೆ (ರಕ್ತದಲ್ಲಿ ಕೆಂಪು ಕಣದ ಪಾಲು) ಸರಿ ಎಂದು ಕಿಟ್‌ನ ಕಾಗದದಲ್ಲಿ ಹುಡುಕಿ. ಬರೆದಿಲ್ಲದಿದ್ದರೆ ನಾನಾದರೆ ಆ ಕಿಟ್ ಕೊಳ್ಳುವುದಿಲ್ಲ. ತುಂಬಾ ಬಿಳಚಿಕೊಂಡವರಿಗೆ ನರದಿಂದಲೇ ರಕ್ತ ತೆಗೆದು ಕಳಿಸಿ.

ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ಮಾತ್ರೆ ನುಂಗುವವರನ್ನು ಕೇಳಿ. ಕೆಲವು ವಿಧಾನಗಳಲ್ಲಿ ಅದು ಅಡ್ಡ ಬರುತ್ತದೆ. ಅಣಬೆಯಿಂದ ಬರುವುದು ಡಿ2 ಎನ್ನುವ ಬಗೆ. ಕೆಲವು ಕಿಟ್‌ಗಳು ಡಿ2ವನ್ನು ಪೂರ್ತಿ ಎಣಿಸುವುದಿಲ್ಲ. ನಮ್ಮಲ್ಲಿ ಬರೆಯುವ ಸ್ಯಾಶೆ (ಪುಡಿಯ ಪೊಟ್ಟಣ) ಹೆಚ್ಚಾಗಿ ಡಿ3 ಎನ್ನುವ ಇನ್ನೊಂದು ಬಗೆ, ಅಲ್ಲಿ ಈ ತೊಡಕಿಲ್ಲ.

ಹೊಸ ಕಿಟ್ ತಂದ ಹೊಸದರಲ್ಲಿ ಹತ್ತು ಹದಿನೈದು ಜನರದ್ದು ಜೊತೆಗೇ ಲ್ಯಾಬ್‌ಗೂ ಕಳಿಸಿ, ಎರಡೂ ಅಂಕಿಯನ್ನು ಒಂದು ನೋಟ್‌ಬುಕ್‌ನಲ್ಲಿ ಪಕ್ಕಪಕ್ಕ ಬರೆಯಿರಿ. ನಿಮ್ಮ ಕಿಟ್ ಯಾವ ಕಡೆಗೆ ವಾಲುತ್ತದೆ ಎಂದು ಆಗ ಗೊತ್ತಾಗುತ್ತದೆ. ಹೊಸ ಲಾಟ್ ಬಂದಾಗ ಕಂಟ್ರೋಲ್ ದ್ರಾವಣ ಹಾಕಿ ನೋಡಿ.

ಹಾಗಾದರೆ ಲ್ಯಾಬ್‌ಗೇ ಕಳಿಸಬಹುದಲ್ಲ, ಇದು ಯಾಕೆ?

ಕಳಿಸಬಹುದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಸೀರಂನಲ್ಲಿ ಈ ಡಿ ಗಟ್ಟಿಮುಟ್ಟಾಗಿಯೇ ಉಳಿಯುತ್ತದೆ. ಆದರೆ ರಿಪೋರ್ಟ್ ಬರುವ ದಿನ ಆ ಕೂಲಿ ಹೆಂಗಸು ಮತ್ತೆ ಒಂದು ದಿನದ ಸಂಬಳ ಬಿಟ್ಟು ಬರಬೇಕು. ಬರುವುದಿಲ್ಲ. ಕೊಯ್ಲಿಗೆ ಹೊರಗಿನಿಂದ ಬಂದವರಂತೂ ಮಾರ್ಚ್ ದಾಟಿದರೆ ಎಲ್ಲಿರುತ್ತಾರೋ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ ದಿನಗಳಲ್ಲಿ ನಾವು ಯಾವ ಟ್ಯೂಬನ್ನೂ ಎಲ್ಲಿಗೂ ಕಳಿಸಲಾಗಲಿಲ್ಲ. ಅವರು ಎದುರಿಗೆ ಕೂತಿರುವಾಗಲೇ ಉತ್ತರ ಸಿಗುವುದು, ಇದರ ಲಾಭ ಅಷ್ಟೇ. ನಿಖರತೆಯಲ್ಲಿ ಇದು ಲ್ಯಾಬ್‌ಗಿಂತ ಮೇಲು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎಷ್ಟಿದ್ದರೆ ಕಡಿಮೆ?

ಇಲ್ಲಿ ದೊಡ್ಡವರೇ ಒಪ್ಪಿಲ್ಲ. 2011ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಇದ್ದರೆ ಬಹುತೇಕರಿಗೆ ಸಾಕು, 12ಕ್ಕಿಂತ ಕೆಳಗೆ ಹೋದರೆ ಕೊರತೆಯ ಅಪಾಯ ಎಂದಿತು. ಅದೇ ವರ್ಷ ಎಂಡೋಕ್ರೈನ್ ಸೊಸೈಟಿ 20ರ ಕೆಳಗೆ ಕೊರತೆ, 21ರಿಂದ 29 ಸಾಲದು, 30ರ ಮೇಲೆ ಸರಿ ಎಂದಿತು. ನಮ್ಮ ರಿಪೋರ್ಟ್‌ಗಳಲ್ಲಿ ಅಚ್ಚಾಗುತ್ತಿರುವುದು ಹೆಚ್ಚಾಗಿ ಈ ಎರಡನೆಯದೇ. ತಮಾಷೆ ಎಂದರೆ 2024ರಲ್ಲಿ ಅದೇ ಸೊಸೈಟಿ ಆ 30ರ ಗೆರೆಯನ್ನು ಕೈಬಿಟ್ಟಿತು. ಅಚ್ಚಾದ ಫಾರಂ ಮಾತ್ರ ಬದಲಾಗಿಲ್ಲ.

ನಾನು ಕ್ಲಿನಿಕ್‌ಗಳಿಗೆ ಹೇಳುವುದು ಇಷ್ಟು. 12ರ ಕೆಳಗೆ ಬಂದರೆ ಗಂಭೀರವಾಗಿ ತೆಗೆದುಕೊಳ್ಳಿ. 12ರಿಂದ 20 ಬಂದರೆ ರೋಗಿಯ ಮುಖ, ನಡಿಗೆ ನೋಡಿ ಡಾಕ್ಟರು ತೀರ್ಮಾನಿಸಲಿ. 20ರಿಂದ 30ರ ನಡುವೆ, ತೊಂದರೆ ಏನೂ ಇಲ್ಲದವರನ್ನು ಹೆದರಿಸಬೇಡಿ. 100 ದಾಟಿದರೆ ಏನು ತಿನ್ನುತ್ತಿದ್ದಾರೆ ಎಂದು ಕೇಳಿ, ಕ್ಯಾಲ್ಸಿಯಂ ನೋಡಿ.

ಕಡಿಮೆ ಬಂತು. ಸ್ಯಾಶೆ ಬರೆದರೆ ಮುಗೀತಾ?

ಭಾರತದಲ್ಲಿ ರೂಢಿಯಾಗಿರುವುದು ವಾರಕ್ಕೊಂದು 60,000 ಐಯು, ಎಂಟು ವಾರ. ಒಟ್ಟು 4,80,000 ಐಯು ಆಯಿತು. ಆಮೇಲೆ ಕಡಿಮೆ ಡೋಸ್‌ಗೆ ಇಳಿಸುತ್ತಾರೆ. ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ದೊಡ್ಡವರಿಗೆ ದಿನಕ್ಕೆ ಬೇಕೆಂದು ಹೇಳಿರುವುದು 600 ಐಯು. ಒಂದು ಸ್ಯಾಶೆ ನೂರು ದಿನದ ಪಾಲು ಎಂದಾಯಿತು.

"ವಾರಕ್ಕೊಂದು" ಎನ್ನುವುದನ್ನು ಬಾಯಲ್ಲಿ ಹೇಳಿ ಬಿಟ್ಟರೆ ಕೆಲವರು ದಿನಕ್ಕೊಂದು ಹಾಲಿಗೆ ಹಾಕಿ ಕುಡಿಯುತ್ತಾರೆ. ಚೀಟಿಯ ಮೇಲೆ ವಾರದ ಹೆಸರನ್ನೇ ಬರೆಯಿರಿ. ನಾನು "ಯಾವ ದಿನ ಸಂತೆಗೆ ಹೋಗ್ತೀರಿ?" ಎಂದು ಕೇಳಿ ಅದೇ ದಿನ ಬರೆಯಿಸುತ್ತೇನೆ. ಸಂತೆ ಮರೆಯುವುದಿಲ್ಲ. ಬಾಯಾರಿಕೆ, ವಾಂತಿ, ಮಲಬದ್ಧತೆ, ಪದೇ ಪದೇ ಮೂತ್ರ, ಮಂಕು ಬಂದರೆ ನಿಲ್ಲಿಸಿ ತಕ್ಷಣ ಕ್ಯಾಲ್ಸಿಯಂ ನೋಡಿಸಬೇಕು.

ಕಿಡ್ನಿ ಕಲ್ಲು ಇದ್ದವರು, ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇರುವವರು, ಟಿಬಿ, ಸಾರ್ಕಾಯ್ಡ್ (ಒಳ ಅಂಗಗಳಲ್ಲಿ ಸಣ್ಣ ಗಂಟುಗಳಾಗುವ ಕಾಯಿಲೆ) ಇರುವವರಿಗೆ ಡಾಕ್ಟರನ್ನು ಕೇಳದೆ ಕೊಡಬಾರದು. ಟಿಬಿ, ಸಾರ್ಕಾಯ್ಡ್‌ನಂಥ ಗಂಟುಗಳೊಳಗೆ ಡಿ ತನ್ನಷ್ಟಕ್ಕೆ ಕೆಲಸದ ರೂಪಕ್ಕೆ ತಿರುಗಿ ಕ್ಯಾಲ್ಸಿಯಂ ಏರಿಸಬಹುದು.

"ಒಂದೇ ಇಂಜೆಕ್ಷನ್ ಹಾಕಿಬಿಡಿ, ವರ್ಷಕ್ಕೆ ಸಾಕು" ಎಂದು ಕೇಳುವವರು ನಮ್ಮಲ್ಲಿ ಬಹಳ. 2010ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಐಯು ಬಾಯಿಗೆ ಕೊಟ್ಟರು. ಬೀಳುವುದೂ ಮೂಳೆ ಮುರಿಯುವುದೂ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ದೊಡ್ಡ ಗುಟುಕು ಒಳ್ಳೆಯದಲ್ಲ ಎಂದು ರೋಗಿಗೆ ಹೇಳಲು ಇಷ್ಟು ಸಾಕು.

ಮತ್ತೆ ಯಾವಾಗ ಚುಚ್ಚುವುದು?

ಸುಮಾರು ಮೂರು ತಿಂಗಳ ಮೇಲೆ. ಹದಿನೈದು ದಿನಕ್ಕೇ ನೋಡಿದರೆ ದಾಸ್ತಾನು ಇನ್ನೂ ಏರುತ್ತಲೇ ಇರುತ್ತದೆ, ದುಡ್ಡು ದಂಡ. ಮೊದಲು ಬಳಸಿದ ಕಿಟ್‌ನಲ್ಲೇ ಮಾಡಿ. ಒಂದು ಸಲ ಕಿಟ್, ಇನ್ನೊಂದು ಸಲ ಲ್ಯಾಬ್ ಎಂದು ಹೋಲಿಸಬೇಡಿ. ಅಂಕಿ ಏರಿಲ್ಲವೆಂದರೆ ಡೋಸ್ ಹೆಚ್ಚಿಸುವ ಮುಂಚೆ "ಸ್ಯಾಶೆ ನಿಜವಾಗಿ ತಗೊಂಡ್ರಾ ಅಕ್ಕಾ?" ಎಂದು ಕೇಳಿ.

ಊಟದಲ್ಲಿ ಏನು ಹೇಳುವುದು?

ಕರಾವಳಿಯಿಂದ ಬರುವ ಬೂತಾಯಿ, ಬಂಗುಡೆ ಒಳ್ಳೆಯದು. ಮೊಟ್ಟೆಯ ಹಳದಿ ಸ್ವಲ್ಪ. ಬಿಸಿಲಿಗೆ ಇಟ್ಟ ಅಣಬೆಯಲ್ಲಿ ಡಿ2. ಸೊಪ್ಪು, ಹಣ್ಣು, ಅಕ್ಕಿಯಲ್ಲಿ ಹುಡುಕಬೇಡಿ. ಊಟವೊಂದರಿಂದಲೇ ದೊಡ್ಡ ಕೊರತೆ ತುಂಬುವುದಿಲ್ಲ. ಮಳೆ ಬಿಟ್ಟ ದಿನ ಮಧ್ಯಾಹ್ನದ ಹೊತ್ತಿನ ಬಿಸಿಲಿಗೆ ತೋಳು, ಕಾಲು ತೋರಿಸಿ ಸ್ವಲ್ಪ ಹೊತ್ತು ಕೂರಲು ಹೇಳಿ. ಬೆಳಗಿನ ಎಳೆಬಿಸಿಲು ಹಿತ, ಆದರೆ ಅದರಲ್ಲಿ ಯುವಿಬಿ ತೀರಾ ಕಡಿಮೆ.

ಕಾಗದ, ಕಾನೂನು, ಕಸ?

ಕ್ಲಿನಿಕ್ ಕರ್ನಾಟಕದ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಆಗಿರಬೇಕು, ಅದು 2007ರ ಕಾಯ್ದೆ. ಕಿಟ್ ಡಬ್ಬಿಯ ಮೇಲೆ ತಯಾರಿಕೆ ಅಥವಾ ಆಮದು ಲೈಸೆನ್ಸ್ ನಂಬರ್ ಇದೆಯಾ ನೋಡಿ. 2017ರ ವೈದ್ಯಕೀಯ ಸಾಧನಗಳ ನಿಯಮ ಇಂಥ ಕಿಟ್‌ಗಳಿಗೂ ಅನ್ವಯಿಸುತ್ತದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ನಂಬರೇ ಇಲ್ಲದ ಡಬ್ಬಿ ಬೇಡ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಲ್ಯಾನ್ಸೆಟ್ ಚುಚ್ಚದ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಕ್ಯಾಸೆಟ್ ಮತ್ತು ಗ್ಲೌಸ್ ಕೆಂಪು ಚೀಲಕ್ಕೆ. ತೋಟದ ಕ್ಯಾಂಪ್‌ಗೆ ಹೋಗುವಾಗ ಈ ಮೂರನ್ನೂ ಹೊತ್ತುಕೊಂಡೇ ಹೋಗಿ, ತುಂಬಿಸಿಕೊಂಡೇ ವಾಪಸ್ ಬನ್ನಿ. ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಬಿದ್ದ ಲ್ಯಾನ್ಸೆಟ್ ಸಿಗುವುದು ಮುಂದಿನ ಕೊಯ್ಲಿನಲ್ಲಿ, ಹಣ್ಣು ಆಯುವವರ ಬೆರಳಿಗೆ.

ರಿಪೋರ್ಟಿನಲ್ಲಿ ಅಂಕಿಯ ಜೊತೆ ಯೂನಿಟ್, ಕಿಟ್‌ನ ಹೆಸರು, ಲಾಟ್ ನಂಬರ್, ದಿನಾಂಕ, ಮಾಡಿದವರ ಸಹಿ ಇರಲಿ. "ಬೆರಳಿನ ರಕ್ತ, ಸ್ಕ್ರೀನಿಂಗ್ ಟೆಸ್ಟ್" ಎಂದೂ ಬರೆಯಿರಿ. ಅವರು ನಾಳೆ ಮಂಗಳೂರಿನಲ್ಲೋ ಮೈಸೂರಿನಲ್ಲೋ ದೊಡ್ಡಾಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರು ಈ ಚೀಟಿ ಹಿಡಿದೇ ಮಾತಾಡುತ್ತಾರೆ.

ಎಕ್ಸ್‌ಪೈರಿ ಆಗಿ ಒಂದೇ ವಾರ ಆಗಿದೆ. ಬಳಸಬಹುದಾ?

ಇಲ್ಲ. ಅದರಲ್ಲಿ ಹೊಸ ನರ್ಸ್‌ಗಳಿಗೆ ಬಫರ್ ಹಾಕುವುದು, ಟೈಮರ್ ಇಡುವುದು ಹೇಳಿಕೊಡಿ, ರೋಗಿಯ ರಕ್ತ ಬೇಡ. ನಾನು ಹಳೇ ಕ್ಯಾಸೆಟ್‌ಗಳನ್ನು ಅದಕ್ಕೆಂದೇ ಬ್ಯಾಗಿನಲ್ಲಿಟ್ಟಿರುತ್ತೇನೆ, ಮೇಲೆ ಕೆಂಪು ಮಾರ್ಕರ್‌ನಲ್ಲಿ ದೊಡ್ಡ ಅಡ್ಡಗೆರೆ ಎಳೆದು.